ದೇವಿಯ ಹೆಸರಿನ ಮುಂದಿನ ಚುಕ್ಕಿ

ನಡುರಸ್ತೆಯಲ್ಲಿ ಗಕ್ಕನೆ ನಿಂತುಬಿಡುವುದು ಚುಕ್ಕಿ ಮೇಡಂ ಅವರ ಜನ್ಮಸಿದ್ಧ ಹಕ್ಕು. ಸೀಮೆಸುಣ್ಣದ ಧೂಳಿನಿಂದ ಒಂದು ಜೇಬು ಸದಾ ಬೆಳ್ಳಗಾಗಿರುವ ಕರಿಯ ಕೋಟು ತೊಟ್ಟು, ತುಟಿಗಳನ್ನು ಕೂಡಿಸುತ್ತ ಬಿಡಿಸುತ್ತ, ಯಾವುದೋ ಸತ್ತ ಭಾಷೆಯ ಧ್ವನಿಯೊಂದನ್ನು ಬಾಯಲ್ಲಿ ಹೊರಳಿಸುತ್ತ ಅವರು ನಿಂತರೆ, ಹಿಂದಿನ ವಾಹನಗಳು ಎಷ್ಟು ಅರಚಿಕೊಂಡರೂ ವ್ಯರ್ಥ. "ಆ ದೇವಿ ಬಂದಾಗಿಂದ ನಮ್ಮನೇಲಿ ಹಾಲು ಉಕ್ಕಿ ಹೋಗದ ದಿನಾನೇ ಇಲ್ಲ" ಎಂದು ಗಡಿಯಾರ ರಿಪೇರಿಯ ಅವರ ಗಂಡ ನಗುತ್ತಿದ್ದರು.

ದೇವಿ ಎಂದರೆ, ವಿಶ್ವವಿದ್ಯಾಲಯದಲ್ಲಿ ಹಳೆಯ ಭಾಷೆಗಳನ್ನು ಕಲಿಸುತ್ತಿದ್ದ ಮೇಡಂ ಬೆನ್ನುಹತ್ತಿದ್ದ ಪ್ರಾಚೀನ ಇಟಲಿಯ ಒಬ್ಬ ದೇವತೆ. ಒಡೆದ ಶಾಸನಗಳಲ್ಲಿ ಅವಳ ಹೆಸರಿನ ಬಾಲವಷ್ಟೇ ಉಳಿದಿತ್ತು, ತಲೆ ಹಾರಿಹೋಗಿತ್ತು. ಸೋದರಭಾಷೆಗಳಲ್ಲಿ ಯಾವ ಧ್ವನಿ ಎಲ್ಲಿ ಹೇಗೆ ಸವೆಯಿತೆಂಬುದನ್ನು ತಾಳೆ ನೋಡಿ ನೋಡಿ ಮೇಡಂ ಆ ಹೆಸರನ್ನು ಪೂರ್ತಿಯಾಗಿ ಕಟ್ಟಿ ನಿಲ್ಲಿಸಿದರು. ಅದರ ಮುಂದೆ ನಕ್ಷತ್ರದಂಥ ಪುಟ್ಟ ಚುಕ್ಕಿಯೊಂದನ್ನಿಟ್ಟರು. ಇದು ಎಲ್ಲೂ ಬರೆದು ಸಿಕ್ಕಿದ್ದಲ್ಲ, ನಾವು ಊಹಿಸಿದ್ದು ಎಂದು ಒಪ್ಪಿಕೊಳ್ಳುವ ಗುರುತು ಅದು, ಅವರ ವಿದ್ಯೆಯ ಸಂಪ್ರದಾಯ. ದೇವಿಯ ಬಗ್ಗೆ ಅವರು ಬರೆದ ಪುಸ್ತಕ ಅಚ್ಚಿಗೆ ಹೋದಾಗ ಮುದ್ರಣಾಲಯದವನೋ, ಮಸಿಯ ಕಲೆಯೆಂದು ತಿಳಿದು ಅದನ್ನು ಒರೆಸಿಹಾಕಿದ! ಮೇಡಂ ಅಚ್ಚುಮನೆಯ ನೆಲದಲ್ಲೇ ಕುಳಿತು ಪ್ರತಿಯೊಂದು ಪುಸ್ತಕಕ್ಕೂ ಕೈಯಾರೆ ಚುಕ್ಕಿಯಿಟ್ಟರು. ಅಡ್ಡಹೆಸರು ಅಂದೇ ಅಂಟಿಕೊಂಡಿತು.

ವಿಭಾಗದ ಮುಖ್ಯಸ್ಥರಿಗೆ ಅಷ್ಟೇ ಸಾಕಾಯಿತು. "ಅವರ ದೇವಿ ಮೇಲೆ ಅವರಿಗೇ ನಂಬಿಕೆ ಇಲ್ಲ ನೋಡ್ರಿ" ಎಂದು ಸಭೆಸಭೆಯಲ್ಲೂ ಆಡಿಕೊಂಡರು; ಪುಸ್ತಕವನ್ನು ಪಠ್ಯದಿಂದಲೇ ಕೈಬಿಟ್ಟರು. ಆಯುಷ್ಯದ ದುಡಿಮೆಯೆಲ್ಲ ನಗೆಪಾಟಲಾಗುತ್ತಿದೆಯಲ್ಲ ಎಂದು ಮೇಡಂ ಒಳಗೊಳಗೇ ಬೆಂದುಹೋದರು. "ಆ ಚುಕ್ಕಿ ತೆಗೆದ್ಬಿಡು, ಬಾಯಿ ಮುಚ್ಕೋತಾರೆ" ಎಂದ ಗಂಡನಿಗೆ, "ನೋಡ್ದೇ ಇರೋದನ್ನ ನೋಡಿದೀನಿ ಅನ್ಲಾ?" ಎಂದು ಗದರಿದರು.

ಕಡೆಗೊಂದು ಬೆಳಗ್ಗೆ, ಇಟಲಿಯಲ್ಲಿ ಉತ್ಖನನದವರು ಮಣ್ಣಿನಿಂದ ಎತ್ತಿದ ಕಂಚಿನ ತಗಡಿನ ಫೋಟೋ ಹಿಡಿದು ಮುಖ್ಯಸ್ಥರೇ ಮೇಡಂ ಅವರ ತರಗತಿಗೆ ಬಂದರು. ಅದರ ಮೇಲೆ ದೇವಿಯ ಹೆಸರು ತಲೆಯಿಂದ ಬಾಲದವರೆಗೆ ಅಖಂಡವಾಗಿತ್ತು. ಮೇಡಂ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ತಾವು ಕಟ್ಟಿದ್ದೇ, ಒಂದು ಸ್ವರವೂ ಆಚೀಚೆಯಿಲ್ಲ!

"ಸೋತೆ ಮೇಡಂ" ಎಂದರು ಮುಖ್ಯಸ್ಥರು.

"ಸೋಲೋ ಮಾತೇನು ಬಂತು? ಅವಳು ಸಿಕ್ಕಿದ್ಲು ಕಣ್ರೀ, ಕುಣೀರಿ!"

ಕಪ್ಪುಹಲಗೆಯ ಮೇಲೆ ಆ ಹೆಸರನ್ನು ಎಂದಿನಂತೆ ಚುಕ್ಕಿಯ ಸಮೇತ ಬರೆದು, ಅಂಗೈಯಿಂದ ಚುಕ್ಕಿಯನ್ನಷ್ಟೇ ಒರೆಸಿದರು. ತರಗತಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಖ್ಯಸ್ಥರೂ ತಟ್ಟಿದರು. ಅದೇ ಅಂಗೈಯಿಂದ ಕಣ್ಣೊರೆಸಿಕೊಂಡ ಮೇಡಂ ಕೆನ್ನೆಯೆಲ್ಲ ಬೆಳ್ಳಗೆ ಮಾಡಿಕೊಂಡು ನಗುತ್ತಿದ್ದರು.

ಊಹೆಯನ್ನೇ ಸತ್ಯವೆಂದು ಸಾರುವವರಿಗೆ ಲೋಕ ಬೇಗ ಮಣೆ ಹಾಕುತ್ತದೆ. ತನ್ನ ಊಹೆಯ ನೆತ್ತಿಯ ಮೇಲೆ ತಾನೇ ಗುರುತು ಹಾಕಿ, ಅವಮಾನ ನುಂಗಿ ಕಾಯುವ ಕುಲವೇ ಬೇರೆ; ಗೆದ್ದ ದಿನ ಅಳಿಸುವುದಕ್ಕೆ ಅವರ ಬಳಿ ಮಾತ್ರ ಒಂದು ಚುಕ್ಕಿ ಇರುತ್ತದೆ.