ಒಂದು ನಿಮಗೆ, ಒಂದು ನಮಗೆ

ಊರಿನ ಅರ್ಧ ಜನರಿಗೆ ಕಾರು ಓಡಿಸಲು ಕಲಿಸಿದವಳು ಅಕ್ಕ. ಡ್ರೈವಿಂಗ್ ಸ್ಕೂಲಿನಲ್ಲಿ ಅವಳ ಹೆಸರು ಬ್ರೇಕ್ ಮೇಡಂ. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರೂ ಮಾಡಿಲ್ಲ, ಬೆನ್ನ ಹಿಂದೆ ಕರೆಯದವರಿಲ್ಲ. ಕಲಿಸುವವರ ಕಾಲಡಿಗೆ ಇನ್ನೊಂದು ಬ್ರೇಕ್ ಇರುತ್ತದಲ್ಲ, ಆ ಹೆಸರು ಬಂದದ್ದು ಅವಳು ಅದನ್ನು ಒತ್ತಿದ್ದಕ್ಕಲ್ಲ, ಒತ್ತದೇ ಇದ್ದದ್ದಕ್ಕೆ. ಎದುರಿನಿಂದ ಲಾರಿ ಬರುತ್ತಿರಲಿ, ಕಲಿಯುವವನ ಜೀವ ಬಾಯಿಗೆ ಬಂದಿರಲಿ, ಅಕ್ಕ ಕೈಕಟ್ಟಿ ಕುಳಿತು "ನೋಡ್ತಾ ಇದ್ದೀಯಲ್ಲ, ನೀನೇ ನಿಲ್ಲಿಸು" ಎನ್ನುತ್ತಿದ್ದಳು. ಅವನು ನಿಲ್ಲಿಸುತ್ತಿದ್ದ. ಅವಳ ಕೈಯಲ್ಲಿ ಕಲಿತವರು ಟೆಸ್ಟಿನಲ್ಲಿ ಫೇಲಾಗುವುದು ತೀರ ಅಪರೂಪ. ಅಪ್ಪಿತಪ್ಪಿ ಫೇಲಾದವರನ್ನು ತನ್ನ ವಿದ್ಯಾರ್ಥಿ ಎಂದು ಅವಳು ಒಪ್ಪಿಕೊಳ್ಳುವುದೂ ಇಲ್ಲ.

ಇಂಥ ಅಕ್ಕ, ತಮ್ಮನ ಹೆಂಡತಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ, ರಜೆ ಹಾಕಿ, ಸೂಟ್‌ಕೇಸ್ ಹಿಡಿದು ಮೂರನೆಯ ಮಹಡಿ ಹತ್ತಿ ಬಂದಳು. ತಮ್ಮನ ಅತ್ತೆಗೆ ಸೊಂಟದ ಆಪರೇಷನ್ ಆಗಿ ಅವರೇ ಹಾಸಿಗೆ ಹಿಡಿದಿದ್ದರು, ಬರುವಂತಿರಲಿಲ್ಲ. ತಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಗಾಜನ್ನು ಹಿಂದಕ್ಕೆ ಕಳಿಸುವ ಆ ಮನುಷ್ಯ, ಮಗುವಿನ ಡೈಪರನ್ನು ಹಿಂದುಮುಂದಾಗಿ ಕಟ್ಟಿ, ಅದು ಯಾಕೆ ಸೋರುತ್ತಿದೆ ಎಂದು ಮೊಬೈಲಿನ ಟಾರ್ಚ್ ಹಾಕಿಕೊಂಡು ಪರೀಕ್ಷಿಸುತ್ತಿದ್ದ.

"ಸರಿಯೋ ಆ ಕಡೆ," ಎಂದಳು ಅಕ್ಕ, ಚಪ್ಪಲಿ ಬಿಡುತ್ತಲೇ. "ನಾನಿದ್ದೀನಿ."

ಸಂಜೆಯೊಳಗೆ ಮನೆ ಅವಳ ಕೈಗೆ ಬಂತು. ಸೋಫಾ ಗೋಡೆ ಬಿಟ್ಟು ಕಿಟಕಿಯ ಕಡೆಗೆ ತಿರುಗಿತು. ಬಾಲ್ಕನಿಯಲ್ಲಿ ಇನ್ನೆರಡು ಹಗ್ಗ ಬಿದ್ದು, ಅಂಗೈಯಗಲದ ಅಂಗಿಗಳು ಸಾಲಾಗಿ ನೇತಾಡಿದವು. ಅಡುಗೆಮನೆಯಲ್ಲಿ ಕುದಿಸಿದ ಬಾಟಲಿಗಳು ಬಟ್ಟೆಯ ಮೇಲೆ ಬೋರಲಾಗಿ ಕುಳಿತವು. ಮಕ್ಕಳನ್ನು ನೋಡಲು ಬಂದ ಕೆಳಗಿನ ಮನೆಯವರಿಗೆ ಅಕ್ಕ ಬಾಗಿಲಲ್ಲೇ "ಮಕ್ಕಳು ಮಲಗಿವೆ, ಅಮ್ಮನೂ ಮಲಗಿದ್ದಾಳೆ, ನೀವೂ ಹೋಗಿ ಸ್ವಲ್ಪ ಮಲಗಿ" ಎಂದು ಹೇಳಿ ಕಳಿಸಿದಳು. ಅವರು ಯಾಕೋ ಏನೋ ಹೋಗಿ ಮಲಗಿದರು.

ಮಕ್ಕಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅಕ್ಕನೇ ಸದ್ಯಕ್ಕೆ ಒಂದೊಂದು ಹೆಸರು ಕೊಟ್ಟಳು. ಮೊದಲು ಹುಟ್ಟಿದವಳು ಬಾಯಿ ತೆರೆದರೆ ಬೀದಿಯ ತುದಿಗೆ ಕೇಳುತ್ತಿತ್ತು, ಅವಳು ಗಂಟಲಮ್ಮ. ಎರಡನೆಯವಳು ಅಳುವುದು ಕಡಿಮೆ, ಕಣ್ಣು ಬಿಟ್ಟುಕೊಂಡು ದೀಪವನ್ನೋ ಗೋಡೆಯನ್ನೋ ನೋಡುತ್ತ ಬಿದ್ದಿರುತ್ತಿದ್ದಳು, ಅವಳು ಕಣ್ಣಮ್ಮ.

ಆದರೆ ಅಕ್ಕ ಬಂದದ್ದು ಸಹಾಯಕ್ಕೆ ಮಾತ್ರವಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಈಗಲೇ ಹೇಳಿಬಿಡುವುದು ಒಳ್ಳೆಯದು. ಅಕ್ಕನಿಗೆ ಮಕ್ಕಳಿರಲಿಲ್ಲ. ತಮ್ಮನ ಹೆಂಡತಿ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಅವಳು ಬಸುರಿಯಾಗಿದ್ದಾಗ ಒಂದು ದಿನ, ಅಕ್ಕ ಪಾರ್ಲರಿನ ಕುರ್ಚಿಯಲ್ಲಿ ಕತ್ತಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. "ಸ್ಕ್ಯಾನಿಂಗಲ್ಲಿ ಎರಡು ಅಂತ ಹೇಳಿದ್ರು ಅಕ್ಕ," ಎಂದಳು ಅವಳು ಕತ್ತರಿ ಆಡಿಸುತ್ತ. "ಒಂದು ನಿಮಗೆ, ಒಂದು ನಮಗೆ. ಹಂಚ್ಕೊಂಡ್ರೆ ಆಯ್ತು." ಪಾರ್ಲರಿನಲ್ಲಿ ಇದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಎಲ್ಲರ ನಗು ಅಲ್ಲೇ ಮುಗಿಯಿತು, ಆ ಮಾತು ಮಾತ್ರ ಅಕ್ಕನ ಜೊತೆ ಮನೆಗೆ ಬಂತು.

ಆಮೇಲೆ ಅವಳು ತನ್ನ ಮನೆಯ ಮೂಲೆಯ ಕೋಣೆಯನ್ನು ಖಾಲಿ ಮಾಡಿಸಿದಳು. ಅಲ್ಲಿದ್ದ ಹಳೆಯ ಸಾಮಾನನ್ನೆಲ್ಲ ಹೊತ್ತು ಮಹಡಿಗೆ ಸಾಗಿಸಿದ್ದು ಅವಳ ಗಂಡ. ಫ್ರಿಜ್ ರಿಪೇರಿ ಮಾಡುವ ಮೆದು ಮಾತಿನ ಮನುಷ್ಯ, ಯಾಕೆ ಏನು ಎಂದು ಕೇಳಲಿಲ್ಲ. ಅಕ್ಕ ಸೂಟ್‌ಕೇಸ್ ತುಂಬುವಾಗ ಮಾತ್ರ ಒಂದು ಮಾತು ಹೇಳಿದ.

"ಅದು ತಮಾಷೆಗೆ ಆಡಿದ ಮಾತು ಕಣೇ."

"ಗೊತ್ತು," ಎಂದಳು ಅಕ್ಕ. "ನಾನಾಗಿ ಬಾಯಿ ಬಿಟ್ಟು ಕೇಳಲ್ಲ."

ಕೇಳಲೂ ಇಲ್ಲ. ಅವಳು ಬೇರೆ ದಾರಿ ಹಿಡಿದಳು. ಅದು ದಾರಿ ಎಂದು ಅವಳಿಗೇ ಆಗ ಗೊತ್ತಿತ್ತೋ ಇಲ್ಲವೋ, ದೇವರೇ ಬಲ್ಲ.

ಗಂಟಲಮ್ಮ ಬಾಯಿ ತೆರೆದರೆ ಸಾಕು, ಎಲ್ಲಿದ್ದರೂ ಅಕ್ಕ ಹಾಜರು. ಎತ್ತಿ, ಹೆಗಲಿಗೆ ಹಾಕಿಕೊಂಡು, ಕಿಟಕಿಯ ಹತ್ತಿರ ಹೋಗಿ, ಬೆನ್ನು ತಟ್ಟುತ್ತ ಬೀದಿಯ ಕಾರುಗಳನ್ನು ಒಂದೊಂದಾಗಿ ಬಯ್ಯುತ್ತಿದ್ದಳು. "ನೋಡು, ಇಂಡಿಕೇಟರ್ ಹಾಕದೆ ತಿರುಗಿಸ್ತಾನೆ. ನೋಡು, ಆ ಹೆಂಗಸು ಇನ್ನೂ ಸೆಕೆಂಡ್ ಗೇರಲ್ಲೇ ಇದ್ದಾಳೆ." ಗಂಟಲಮ್ಮ ಕೇಳುತ್ತ ಕೇಳುತ್ತ ತಣ್ಣಗಾಗುತ್ತಿದ್ದಳು. ಹಟದ ವಿದ್ಯಾರ್ಥಿಗಳೆಂದರೆ ಅಕ್ಕನಿಗೆ ಮೊದಲಿನಿಂದಲೂ ಒಂದು ಕೈ ಹೆಚ್ಚು ಪ್ರೀತಿ. ಅವಳ ಮನಸ್ಸು ಬಂದ ದಿನವೇ ನಿಶ್ಚಯ ಮಾಡಿಬಿಟ್ಟಿತ್ತು.

ತಾಯಿಯ ಹತ್ತಿರ ಯಾವಾಗಲೂ ಒಂದೇ ಮಗು ಇರುತ್ತಿತ್ತು. ಹಾಲು ಕುಡಿಸಲು ಒಂದನ್ನು ಕೊಟ್ಟು, ಆದಮೇಲೆ ಅದನ್ನು ತೆಗೆದುಕೊಂಡು ಇನ್ನೊಂದನ್ನು ಕೊಡುವುದು ಅಕ್ಕನ ಪದ್ಧತಿ.

"ಎರಡನ್ನೂ ಒಟ್ಟಿಗೆ ಇಟ್ಕೊಂಡು ನೋಡ್ಲಾ ಅಕ್ಕ? ಆಸ್ಪತ್ರೆಯಲ್ಲಿ ಒಬ್ಬರು ನರ್ಸ್ ಹೇಳಿದ್ರು, ಆಗುತ್ತಂತೆ."

"ಯಾಕೆ ಸುಮ್ಮನೆ? ಹೊಲಿಗೆ ಇನ್ನೂ ಹಸಿ ಇದೆ. ನಾನಿದ್ದೀನಲ್ಲ."

ಪಾರ್ಲರಿನಲ್ಲಿ ಒಬ್ಬರ ತಲೆಗೆ ಬಣ್ಣ ಹಚ್ಚಿ, ಇನ್ನೊಬ್ಬರ ಕೂದಲು ಕತ್ತರಿಸುತ್ತ, ತಡವಾಯಿತೆಂದು ಗೊಣಗುವ ಮೂರನೆಯವರ ಬಾಯಿ ಮುಚ್ಚಿಸುತ್ತಿದ್ದ ಹೆಣ್ಣು ಅವಳು. ಈಗ ದಿನದಿಂದ ದಿನಕ್ಕೆ ಅವಳ ಮಾತು ಕಡಿಮೆಯಾಯಿತು. ಒಂದು ಬೆಳಿಗ್ಗೆ ಗಂಟಲಮ್ಮ ಮಂಚದ ಮೇಲೆ ಕೈಕಾಲು ಆಡಿಸುತ್ತಿದ್ದಾಗ ಅವಳು ಪಕ್ಕದಲ್ಲೇ ನಿಂತು, ಬಾಗಿಲ ಕಡೆ ತಿರುಗಿ, "ಎತ್ಕೊಳ್ಲಾ ಅಕ್ಕ?" ಎಂದು ಕೇಳಿದಳು. ತಾನು ಹೆತ್ತ ಮಗುವನ್ನು ಎತ್ತಿಕೊಳ್ಳಲು ಅಪ್ಪಣೆ ಕೇಳಿದ್ದಳು. ಅದನ್ನು ಕೇಳಿ ಅಕ್ಕನಿಗೆ ಒಳಗೊಳಗೇ ಖುಷಿಯಾಯಿತು. ಹೇಳಿಕೊಳ್ಳುವಂಥ ಖುಷಿಯಲ್ಲ, ಆದರೆ ಆಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಡೈಪರ್ ಮುಗಿಯಿತು. ಅಕ್ಕ ಅಂಗಡಿಗೆ ಹೋದಳು. ಕೌಂಟರಿನಲ್ಲಿ ಸಾಲು ಉದ್ದವಿತ್ತು, ಸ್ವಲ್ಪ ತಡವಾಯಿತು. ಹಿಂತಿರುಗಿ ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಗೇ ಅಳು ಕೇಳಿಸಿತು. ಗಂಟಲಮ್ಮನದು ಗೊತ್ತಿರುವ ಅಳು. ಅದರ ಜೊತೆ ಇನ್ನೊಂದು, ತೆಳ್ಳಗೆ, ಬಿಟ್ಟು ಬಿಟ್ಟು. ಕಣ್ಣಮ್ಮನೂ ಅಳುತ್ತಿದ್ದಳು.

ಒಳಗೆ ಹೋದರೆ, ಎರಡು ಮಕ್ಕಳೂ ಮಂಚದ ಮೇಲೆ ಕೆಂಪಗಾಗಿ ಕಿರುಚುತ್ತಿದ್ದವು. ನಡುವೆ ತಾಯಿ ನಿಂತಿದ್ದಳು. ಯಾರನ್ನೂ ಎತ್ತಿಕೊಂಡಿರಲಿಲ್ಲ. ಒಂದರ ಕಡೆ ಬಾಗುವಳು, ಇನ್ನೊಂದು ಕಿರುಚಿದ ಕೂಡಲೇ ಆ ಕಡೆ ತಿರುಗುವಳು, ಕೈ ಅರ್ಧಕ್ಕೇ ನಿಲ್ಲುವುದು. ಕಣ್ಣೀರು ಒರೆಸಿಕೊಳ್ಳುವುದೂ ಅವಳಿಗೆ ಮರೆತಿತ್ತು. ಊಟಕ್ಕೆಂದು ಅಂಗಡಿಯಿಂದ ಬಂದ ತಮ್ಮ ಶೂ ಕೂಡ ಬಿಚ್ಚದೆ ಕಂಬದ ಹಾಗೆ ನಿಂತಿದ್ದ.

ಅಕ್ಕ ಡೈಪರಿನ ಚೀಲ ಕೆಳಗಿಟ್ಟಳು. ಅಷ್ಟರಲ್ಲಿ ತಮ್ಮ ಹೇಳಿದ.

"ಅಕ್ಕ, ನಮ್ಮ ಕೈಲಿ ಎರಡನ್ನ ನೋಡ್ಕೊಳ್ಳೋಕೆ ಆಗಲ್ಲ. ನಿನ್ನ ರಜೆ ಮುಗಿದ್ಮೇಲೆ ಏನ್ ಗತಿ ಅಂತ ದಿನಾ ಯೋಚ್ನೆ ಮಾಡ್ತಿದ್ದೀನಿ. ಹೇಗೂ ಆವತ್ತು ಒಂದು ಮಾತು ಬಂದಿತ್ತಲ್ಲ. ನೀನೇ ಒಂದನ್ನ ಕರ್ಕೊಂಡು ಹೋಗು. ಗಂಟಲಮ್ಮ ನಿನಗೆ ಒಗ್ಗಿದ್ದಾಳೆ. ಬೇರೆ ಯಾರಿಗೋ ಕೊಟ್ಟ ಹಾಗೆ ಏನಲ್ಲವಲ್ಲ."

ಇಷ್ಟೇ ಬೇಕಿದ್ದದ್ದು. ಬಾಯಿ ಬಿಟ್ಟು ಕೇಳದೆ, ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಮಕ್ಕಳ ಅಳು ಕೂಡ ಒಂದು ಗಳಿಗೆ ಅಕ್ಕನಿಗೆ ಕೇಳಿಸಲಿಲ್ಲ. ಮೂಲೆಯ ಕೋಣೆಯಲ್ಲಿ ತೊಟ್ಟಿಲು ಎಲ್ಲಿ ಬರಬೇಕು ಎಂಬುದು ಸಹ ಕಣ್ಣ ಮುಂದೆ ಬಂತು.

ಆಮೇಲೆ ಅವಳು ತಮ್ಮನ ಹೆಂಡತಿಯ ಮುಖ ನೋಡಿದಳು. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದಳು. ಅವಳೋ ತುಟಿ ಕಚ್ಚಿಕೊಂಡು, ತನ್ನ ಎರಡು ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು, ಇವು ಯಾತಕ್ಕೂ ಬಾರದ ಕೈಗಳು ಎನ್ನುವ ಹಾಗೆ.

ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೊಬ್ಬ ಮಾಸ್ತರಿದ್ದ. ಅವನ ಕಾಲು ಸದಾ ಬ್ರೇಕಿನ ಮೇಲೆ. ಕಲಿಯುವವರು ತಪ್ಪು ಮಾಡುವ ಮೊದಲೇ ಒತ್ತಿಬಿಡುತ್ತಿದ್ದ, ಸ್ಟೇರಿಂಗಿಗೆ ಅವನೇ ಕೈ ಹಾಕುತ್ತಿದ್ದ. ಅವನ ಹತ್ತಿರ ಕಲಿತವರು ಎಷ್ಟು ತಿಂಗಳಾದರೂ ಅವನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. "ನಮ್ಮ ಕೈಲಾಗಲ್ಲ ಸಾರ್" ಎಂದು ಕಾರು ಮಾರಿದವರೂ ಉಂಟು. ಅವನ ವಿಷಯ ಬಂದರೆ ಅಕ್ಕ ಕೆಂಡವಾಗುತ್ತಿದ್ದಳು. ಕಲಿಸಲು ಬರದವನನ್ನು ಕ್ಷಮಿಸಬಹುದು, ನಿನ್ನ ಕೈಲಾಗಲ್ಲ ಎಂದು ಕಲಿಸುವವನನ್ನು ಮೆಟ್ಟಿನಲ್ಲಿ ಹೊಡೆಯಬೇಕು ಎನ್ನುತ್ತಿದ್ದಳು. ಈಗ ತಾನು ಈ ಮನೆಯಲ್ಲಿ ಮಾಡಿದ್ದೇನು ಎಂದು ಅವಳಿಗೆ ಹೊಳೆಯಿತು. ಹೊಳೆದ ಮೇಲೆ ಅದನ್ನು ಹೊಳೆಯದ ಹಾಗೆ ಮಾಡಿಕೊಳ್ಳಲು ಆಗಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಇಲ್ಲ ಕಣೋ," ಎಂದಳು.

"ಯಾಕಕ್ಕ?"

"ಇವಳ ಕೈಲಿ ಆಗಲ್ಲ ಅಂತ ನಿನಗೆ ಯಾರು ಹೇಳಿದ್ದು? ಆಗೋಕೆ ನಾನೆಲ್ಲಿ ಬಿಟ್ಟಿದ್ದೀನಿ?" ಅಕ್ಕ ಕುರ್ಚಿ ಎಳೆದುಕೊಂಡು ಮಂಚದ ಎದುರಿಗೆ ಕುಳಿತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು. "ನೀನು ಹೋಗಿ ಸೋಫಾದ ದಿಂಬುಗಳನ್ನ ತಗೊಂಡ್ ಬಾ. ಶೂ ಬಿಚ್ಚು ಮೊದಲು."

ತಮ್ಮ ಓಡಿದ. ಅಕ್ಕ ತಮ್ಮನ ಹೆಂಡತಿಯ ಕಡೆ ತಿರುಗಿದಳು. ಅವಳ ದನಿ ಈಗ ಕಾರಿನೊಳಗಿನ ದನಿಯಾಗಿತ್ತು, ಎತ್ತರವಿಲ್ಲ, ಅವಸರವಿಲ್ಲ.

"ಕೂತ್ಕೋ. ಬೆನ್ನು ಗೋಡೆಗೆ ಕೊಡು."

"ಅಳ್ತಿವೆ ಅಕ್ಕ."

"ಅಳಲಿ. ಅಳೋಕೆ ಶಕ್ತಿ ಇದೆ ಅಂತ ಆಯ್ತು. ದಿಂಬನ್ನ ಎರಡೂ ಪಕ್ಕ ಇಟ್ಕೋ, ಇನ್ನೂ ಎತ್ತರ. ಈಗ ಒಂದನ್ನ ತಗೋ, ಯಾವುದಾದ್ರೂ ಸರಿ. ತಲೆ ಅಂಗೈಲಿ, ಮೈ ನಿನ್ನ ಕಂಕುಳ ಕೆಳಗೆ, ಕಾಲು ಹಿಂದಕ್ಕೆ. ಪರ್ಸ್ ಹಿಡ್ಕೊಳ್ತೀಯಲ್ಲ, ಹಾಗೆ."

ತಾಯಿ ಕಣ್ಣಮ್ಮನನ್ನು ಎತ್ತಿ ಎಡಗಡೆಗೆ ಸರಿಮಾಡಿಕೊಂಡಳು. ಒಂದೆರಡು ಸಲ ಬಾಯಿ ತಪ್ಪಿತು, ಮೂರನೆಯ ಸಲ ಕಚ್ಚಿಕೊಂಡಿತು. ಒಂದು ಅಳು ನಿಂತಿತು. ಇನ್ನೊಂದು ಮನೆಯ ಗಾಜು ಒಡೆಯುವಂತೆ ಏರುತ್ತಿತ್ತು. ತಾಯಿ ಬಲಗೈ ಚಾಚಿದರೂ ಗಂಟಲಮ್ಮ ಎಟುಕಲಿಲ್ಲ, ಒಂದು ಗೇಣು ದೂರವಿದ್ದಳು.

"ಅಕ್ಕ, ಅವಳನ್ನ ಸ್ವಲ್ಪ ಎತ್ತಿ ಕೊಡಿ."

ಅಕ್ಕನ ಕೈಗಳು ತೊಡೆಯ ಕೆಳಗೆ ಒದ್ದಾಡಿದವು. ಅವಳ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಅವಳು ಎಂದೂ ಸುಮ್ಮನೆ ಕುಳಿತಿರಲಿಲ್ಲ.

"ಕೊಡಲ್ಲ," ಎಂದಳು. "ನಾಳಿದ್ದು ನಾನಿರಲ್ಲ. ಅವಳು ಮಲಗಿರೋ ಬಟ್ಟೆ ಇದೆಯಲ್ಲ, ಅದನ್ನ ಹಿಡಿದು ಎಳ್ಕೋ. ಮೆಲ್ಲಗೆ."

ಬಟ್ಟೆ ಸರಿಯಿತು. ಬಟ್ಟೆಯ ಜೊತೆ ಗಂಟಲಮ್ಮನೂ ಕಿರುಚುತ್ತಲೇ ಸರಿದು ಬಂದಳು. ತಾಯಿ ಒಂದೇ ಕೈಯಲ್ಲಿ ಅವಳ ಬೆನ್ನಿನಡಿಗೆ ತೋಳು ತೂರಿಸಿ, ಕತ್ತಿಗೆ ಅಂಗೈ ಕೊಟ್ಟು, ದಿಂಬಿನ ಮೇಲಕ್ಕೆ ತಂದು, ಬಲಗಡೆಗೆ ತಿರುಗಿಸಿದಳು. ಕೂದಲು ಕತ್ತರಿಸುವ ಕೈ ಅದು, ಒಂದು ತಲೆಯನ್ನು ಹೇಗೆ ಹಿಡಿಯಬೇಕು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಟಲಮ್ಮ ಕಚ್ಚಿಕೊಂಡಳು. ಮನೆ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ, ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಎಂದು ಎಲ್ಲರಿಗೂ ಮೊದಲ ಸಲ ಗೊತ್ತಾಯಿತು.

ತಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಲು ಹೊರಟ. "ನೀನು ಊಟ ಮಾಡಿ ಅಂಗಡಿಗೆ ನಡಿ," ಎಂದಳು ಅವನ ಹೆಂಡತಿ. ಅವಳ ಹಳೆಯ ದನಿ ಹಿಂತಿರುಗಿತ್ತು. ಅವನು ಹೋದ.

ಕೋಣೆಯಲ್ಲಿ ಇಬ್ಬರು ಹೆಂಗಸರೇ ಉಳಿದರು. ಮಕ್ಕಳು ಗುಟುಕರಿಸುವ ಸದ್ದು ಕೇಳುತ್ತಿತ್ತು.

"ಅಕ್ಕ, ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳು."

"ಯಾವುದನ್ನ ಕರ್ಕೊಂಡು ಹೋಗ್ಬೇಕು ಅಂತಿದ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ಗಂಟಲಮ್ಮನ್ನ," ಎಂದಳು ಅಕ್ಕ. "ಬಂದ ದಿನಾನೇ ಅನ್ಕೊಂಡಿದ್ದೆ."

ತಾಯಿ ಬಲಗಡೆಯ ಮಗುವಿನ ಮೇಲೆ ಕೈಯನ್ನು ಸ್ವಲ್ಪ ಬಿಗಿ ಮಾಡಿದಳು. "ನಾನು ಕೊಡ್ತಿರ್ಲಿಲ್ಲ," ಎಂದಳು. "ಇವರು ಏನೇ ಹೇಳ್ಲಿ. ಬಾಯಿಗೆ ಮಾತು ಬಂದಿರ್ಲಿಲ್ಲ ಅಷ್ಟೇ. ನೀವು ಮೆಟ್ಟಿಲು ಇಳಿಯೋಕೆ ಮುಂಚೆ ಬಂದಿರೋದು."

"ಬರ್ತಿತ್ತು," ಎಂದಳು ಅಕ್ಕ. "ಈಗ ಗೊತ್ತಾಯ್ತು."

ಇಬ್ಬರ ಕಣ್ಣಲ್ಲೂ ನೀರು ತುಂಬಿತ್ತು, ಇಬ್ಬರೂ ಅದನ್ನು ದೊಡ್ಡದು ಮಾಡಲಿಲ್ಲ. ಗಂಟಲಮ್ಮ ಹಾಲು ಬಿಟ್ಟು, ಬಾಯಿ ತೆರೆದುಕೊಂಡೇ ನಿದ್ದೆ ಹೋದಳು. ತಾಯಿ ಒಂದು ನಿಮಿಷ ಯೋಚಿಸಿ, ತೋಳು ಸಡಿಲಿಸಿದಳು.

"ತಗೊಳ್ಳಿ ಅಕ್ಕ. ತೇಗು ಬರಿಸಿ, ನೀವೇ ಮಲಗಿಸಿ."

ಅಕ್ಕ ತೊಡೆಯ ಕೆಳಗಿನಿಂದ ಕೈ ತೆಗೆದಳು. ಕೈಗಳು ಜೋಮು ಹಿಡಿದಿದ್ದವು. ಒಂದಕ್ಕೊಂದು ಉಜ್ಜಿಕೊಂಡು ಮಂಚದ ಹತ್ತಿರ ಬಂದಳು.

"ಅವಳು ನಿನ್ನ ಹತ್ರಾನೇ ಇರ್ಲಿ. ಆ ಇನ್ನೊಬ್ಬಳನ್ನ ಕೊಡು. ಇಷ್ಟು ದಿನ ಈ ಮನೇಲಿದ್ರೂ ಅವಳ ಮುಖಾನೇ ನಾನು ಸರಿಯಾಗಿ ನೋಡಿಲ್ಲ."

ಕಣ್ಣಮ್ಮ ನಿದ್ದೆ ಮಾಡಿರಲಿಲ್ಲ. ಅಕ್ಕನ ಅಂಗೈಗೆ ಬಂದವಳು ಹಣೆ ಸುಕ್ಕುಗಟ್ಟಿಸಿ, ಹೊಸಬರನ್ನು ನೋಡುವ ಹಾಗೆ ಅವಳನ್ನು ನೋಡಿದಳು. ಎಡ ಹುಬ್ಬಿನ ಮೇಲೆ ಸಣ್ಣದೊಂದು ಮಚ್ಚೆಯಿತ್ತು. ಅಕ್ಕನಿಗೆ ಅದು ಗೊತ್ತೇ ಇರಲಿಲ್ಲ.

"ಅತ್ತೆ ಕಣೇ," ಎಂದಳು ಅಕ್ಕ. "ನಾನು ನಿನ್ನತ್ತೆ."