ಕಾಂತಮ್ಮನ ಹಳದಿ ಹಜಾರ

ಭುವನಾ ತನ್ನ ಹಜಾರಕ್ಕೆ ಹಳದಿ ಬಣ್ಣ ಹೊಡೆಸಿದ ದಿನದಿಂದ ಕಾಂತಮ್ಮನಿಗೆ ಕಾಫಿಯೂ ರುಚಿಸಲಿಲ್ಲ. ಕಣ್ಣಿಗೆ ಚುಚ್ಚುವ ಹಳದಿಯಾಗಿದ್ದರೆ ಆಡಿಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಆಗತಾನೇ ಕಾಯಿಸಿದ ತುಪ್ಪದಂಥ ಬೆಚ್ಚನೆಯ ಬಣ್ಣ. ಸಂಜೆ ದೀಪ ಹಾಕಿದರೆ ಒಳಗೆ ಕೂತವರೆಲ್ಲ ಚಂದ ಕಾಣುತ್ತಿದ್ದರು, ಭುವನಾ ಇನ್ನೂ ಚಂದ ಕಾಣುತ್ತಿದ್ದಳು. ಹೊಟ್ಟೆ ಉರಿಯದೆ ಇರುತ್ತದೆಯೇ?

ಇಬ್ಬರೂ ಓರಗಿತ್ತಿಯರು. ಅಜ್ಜಂಪುರದ ಆ ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತ್ತು, ಹೋಗಿಬರಲು ಒಂದು ಬಾಗಿಲು ಉಳಿದಿತ್ತು. ಮನೆಯ ಹೆಣ್ಣುಮಕ್ಕಳ ನಿಶ್ಚಿತಾರ್ಥವೆಲ್ಲ ಹಿರಿಸೊಸೆಯ ಹಜಾರದಲ್ಲೇ ನಡೆಯುವುದು ಅವರ ರೂಢಿ. ಪಾಲಿನಲ್ಲಿ ಹೊಲ ಕಮ್ಮಿ ಬಂದರೂ ಕಾಂತಮ್ಮ ಚಕಾರ ಎತ್ತಿರಲಿಲ್ಲ. ಆ ಹಿರಿತನವೊಂದಿದ್ದರೆ ಅವಳಿಗೆ ಸಾಕಿತ್ತು. ಈಗ ನಾದಿನಿಯ ಮಗಳು ಅಕ್ಷತಾಳ ನಿಶ್ಚಿತಾರ್ಥ ನಿಗದಿಯಾಗಿತ್ತು. ಆ ಹುಡುಗಿ ಪಂಚನಹಳ್ಳಿಯಿಂದ ಬಂದವಳೇ ಭುವನಾಳ ಗೋಡೆಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

"ದೊಡ್ಡತ್ತೆ, ಶಾಸ್ತ್ರ ಇಲ್ಲೇ ಇಟ್ಕೊಂಡ್ರೆ ಹೆಂಗೆ? ಫೋಟೋ ಏನ್ ಚೆನ್ನಾಗ್ ಬತ್ತವೆ ನೋಡಿ!"

"ನೋಡಾನ ಬಿಡಮ್ಮ," ಎಂದಳು ಕಾಂತಮ್ಮ. ಒಳಗೆ ಬೆಂಕಿ ಬಿದ್ದಿತ್ತು.

ಅದೇ ಬಣ್ಣ ತನಗೂ ಬೇಕು. ಆದರೆ ಅದರ ಹೆಸರೇನೆಂದು ಭುವನಾಳನ್ನು ಕೇಳುವುದೇ? ಸತ್ತರೂ ಇಲ್ಲ. ಭುವನಾ ಕಾಫಿ ತರಲು ಒಳಗೆ ಹೋದಾಗ ಕಾಂತಮ್ಮ ಸೋಫಾದ ಹಿಂದೆ ಬಗ್ಗಿ, ಹೇರ್‌ಪಿನ್ನಿನಿಂದ ಗೋಡೆ ಕೆರೆದು, ಒಂದು ಚೂರು ಬಣ್ಣ ಎಬ್ಬಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಬಂದ ಕಾಫಿಗೆ "ಸಕ್ಕರೆ ಜಾಸ್ತಿ ಆಯ್ತು ಕಣೇ" ಎಂದು ಕೊಂಕು ತೆಗೆದು ಪೂರ್ತಿ ಕುಡಿದಳು.

ಮರುದಿನವೇ ತರೀಕೆರೆಯ ಬಸ್ಸು ಹತ್ತಿದಳು. ಪೇಂಟ್ ಅಂಗಡಿಯ ಓಂಕಾರೇಶ್ ಆ ಚೂರನ್ನು ಮಷಿನ್ನಿಗೆ ತೋರಿಸಿ, "ಒಂಚೂರು ಗಾಢ ಮಾಡ್ಲಾ ಅಮ್ಮ? ಇನ್ನೂ ಎದ್ದು ಕಾಣ್ತದೆ" ಎಂದ.

"ಒಂದ್ ಕೂದಲೆಳೆನೂ ಆಚೀಚೆ ಆಗ್ಬಾರ್ದು ಕಣಪ್ಪ."

"ಅವರ ಬಣ್ಣಾನೇ ಯಾಕೇ? ಬೇರೆ ಹಾಕ್ಸಬಾರ್ದಾ?" ಎಂದು ಗಂಡ ಈರಪ್ಪ ಗೊಣಗಿದ. ನಿಮಗೇನ್ ಗೊತ್ತಾಗ್ತದೆ ಎಂದು ಅವನ ಬಾಯಿ ಮುಚ್ಚಿಸಿದಳು.

ಬಣ್ಣ ಒಣಗಿದಾಗ ಆ ದೊಡ್ಡ ಹಜಾರ ಝಗ್ಗನೆ ಬೆಳಗಿತು. ಭುವನಾಳದಕ್ಕಿಂತ ಎರಡರಷ್ಟು ದೊಡ್ಡ ಹಜಾರ. ಇನ್ನು ಯಾರು ಅಲ್ಲಿಗೆ ಹೋಗುತ್ತಾರೆ ನೋಡೋಣ ಎಂದುಕೊಂಡು ಕಾಂತಮ್ಮ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಅಕ್ಷತಾ ಮತ್ತೆ ಬಂದಳು. ಹಿಂದೆಯೇ ಭುವನಾ ನಡುಬಾಗಿಲಲ್ಲಿ ಬಂದು ನಿಂತಳು. ಹುಡುಗಿ ಸುತ್ತಲೂ ಕಣ್ಣರಳಿಸಿ ನೋಡಿ ಚಪ್ಪಾಳೆ ತಟ್ಟಿದಳು.

"ದೊಡ್ಡತ್ತೆ, ಥೇಟ್ ಚಿಕ್ಕತ್ತೆ ಮನೇನೇ! ನಡುಬಾಗ್ಲು ತೆಗ್ದಿಟ್ರೆ ಎಲ್ಲಾ ಒಂದೇ ಮನೆ ಕಾಣ್ತದೆ. ಶಾಸ್ತ್ರ ಅಲ್ಲಿ ಮಾಡಾನ, ಊಟಕ್ಕೆ ಇಲ್ಲಿ ಹಾಕಾನ."

"ಅಷ್ಟ್ ಜನನ ಎಲ್ಲಿ ಕೂರ್ಸೋದು ಅಂತ ನಂಗೂ ಯೋಚ್ನೆ ಹತ್ತಿತ್ತು ಕಣಕ್ಕ," ಎಂದಳು ಭುವನಾ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಕಾಂತಮ್ಮ ಗೋಡೆಗಳನ್ನು ನೋಡಿದಳು. ತನ್ನ ಹಜಾರವನ್ನು ತಾನೇ ಮುಂದೆ ನಿಂತು ಭುವನಾಳ ಊಟದ ಮನೆ ಮಾಡಿಕೊಟ್ಟಿದ್ದಳು. ಆದರೂ ಹಿರಿಸೊಸೆಯ ಗತ್ತಿನಲ್ಲೇ ಹೇಳಿದಳು:

"ಬಡಿಸೋರಿಗೆ ಹೇಳ್ಬಿಡೇ ಭುವನಾ, ಗೋಡೆಗೆ ಸಾರು ಸಿಡೀಬಾರ್ದು."