ಕಪ್ಪಾದ ಗೋಸುಂಬೆ

ಇಪ್ಪತ್ತಾರು ವರ್ಷದಿಂದ ದುಬೈಯಲ್ಲಿ ಎಸಿ ರಿಪೇರಿ ಮಾಡುತ್ತಿದ್ದೇನೆ. ಸೆಕೆಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳುವುದು ಬೇಡ ಎಂಬ ಜಂಬ ಇತ್ತು. ಅದೇ ಮುಳುವಾಯಿತು.

ನಾನು ಎಸಿ ನೋಡಿಕೊಳ್ಳುವ ಖಾಸಗಿ ಪ್ರಾಣಿಸಂಗ್ರಹಾಲಯವೊಂದರಲ್ಲಿ ಹಾವು-ಹಲ್ಲಿಗಳ ಉಸ್ತುವಾರಿ ನಮ್ಮೂರಿನ ಕಾನ್ರಾಡ್‌ನದು. ಜನವರಿಯಲ್ಲಿ ಅವನ ತಾಯಿಗೆ ಸೀರಿಯಸ್ ಎಂದು ಫೋನ್ ಬಂತು. ಬ್ಯಾಗು ತುಂಬುತ್ತಲೇ ನನ್ನ ಕೈಗೆ ಬೀಗದ ಕೈ ಕೊಟ್ಟ.

"ಗುಣಪಾಲಣ್ಣ, ನಮೀಬಿಯಾದ ಗೋಸುಂಬೆ ಉಂಟಲ್ಲ, ಅದನ್ನೊಂದು ನೋಡಿಕೊಳ್ಳಿ. ಬೆಳಿಗ್ಗೆ ಬಲ್ಬ್ ಹಾಕಿ, ಹುಳ ಕೊಡಿ. ಬಂದು ತಿಂಗಳಾಗಲಿಲ್ಲ, ಇನ್ನೂ ಸೋತಿದೆ. ಹೇಗಾದ್ರೂ ಉಳಿಸಿ ಕೊಡಿ."

"ನೀನು ಹೋಗು ಮಾರಾಯ, ಅಮ್ಮನನ್ನು ನೋಡು. ಇದೆಂತ ದೊಡ್ಡ ಕೆಲಸ?" ಎಂದೆ.

ಮರುದಿನ ಬೆಳಿಗ್ಗೆ ಬಲ್ಬ್ ಹಾಕಿದೆ. ಅಯ್ಯೋ ದೇವರೇ! ನಿನ್ನೆ ಮರಳಿನ ಬಣ್ಣಕ್ಕಿದ್ದ ಆಸಾಮಿ ಇದ್ದಿಲಿನಂತೆ ಕಪ್ಪಾಗಿ ನಿಂತಿದೆ. ಮೂಗಿನ ತುದಿಯಲ್ಲಿ ಬಿಳಿ ಉಪ್ಪು. ಆಗಸ್ಟ್‌ನಲ್ಲಿ ತಾರಸಿಯ ಮೇಲೆ ದುಡಿದವರ ಅಂಗಿಯಲ್ಲಿ ಕಾಣುವ ಉಪ್ಪೇ ಅದು, ನನಗೆ ಗೊತ್ತಿಲ್ಲವೇ? ಪಾಪ, ಬೆಂದುಹೋಗುತ್ತಿದೆ ಎಂದುಕೊಂಡು ಬಲ್ಬ್ ಆರಿಸಿದೆ. ನಮ್ಮ ರೂಮಿನಲ್ಲಿ ಮಾಡುವ ಹಾಗೆ ಬಿಸಿಲು ಬಾರದಂತೆ ಕಿಟಕಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದೆ. ಎಸಿಯನ್ನು ಹದಿನಾರಕ್ಕೆ ಇಳಿಸಿದೆ.

ಅದು ಇನ್ನಷ್ಟು ಕಪ್ಪಾಯಿತು. ಹುಳ ಮುಟ್ಟಲಿಲ್ಲ. ಕಾನ್ರಾಡ್‌ಗೆ ಹನ್ನೊಂದು ಸಲ ಫೋನ್ ಮಾಡಿದೆ, ಸ್ವಿಚ್ಡ್ ಆಫ್. ಸೆಕ್ಯುರಿಟಿಯವನನ್ನು ಕೇಳಿದರೆ "ಮಾಫಿ ಮಾಲೂಮ್" ಎಂದು ಕೈಯಾಡಿಸಿದ. ಗೊತ್ತಿಲ್ಲವಂತೆ! ನನಗೆ ಮಾತ್ರ ಏನು ಗೊತ್ತಿತ್ತು? ಗೊತ್ತಿದ್ದ ಒಂದೇ ಕೆಲಸ ಮಾಡಿದೆ. ಎಸಿಯ ಫಿಲ್ಟರ್ ತೊಳೆದು ಮತ್ತೂ ತಂಪು ಮಾಡಿದೆ.

ಮೂರನೆಯ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ.

"ಅಮ್ಮ ಹೋದ್ರು ಗುಣಪಾಲಣ್ಣ. ನಾನು ಊರು ಮುಟ್ಟುವಾಗ ಮುಗಿದಿತ್ತು. ಇವತ್ತು ಸಂಜೆ ಮಣ್ಣು." ಹಿಂದೆಯೇ ಕೇಳಿದ, "ನಮ್ಮ ಗೋಸುಂಬೆ ಹೇಗುಂಟು?"

"ಕಪ್ಪಾಗಿದೆ ಮಾರಾಯ, ಮೂಗಲ್ಲಿ ಉಪ್ಪು ಬೇರೆ. ಎಸಿ ಹದಿನಾರಲ್ಲಿ ಇಟ್ಟಿದ್ದೇನೆ, ಆದರೂ..."

"ಹದಿನಾರಾ? ಅಣ್ಣಾ, ಚಳಿಯಾದ್ರೆ ಅದು ಕಪ್ಪಾಗುದು, ಬಿಸಿ ಹೀರಿಕೊಳ್ಳಲಿಕ್ಕೆ! ಉಪ್ಪು ಅದು ಮೂಗಿಂದ ಯಾವಾಗ್ಲೂ ಬಿಡುದೇ. ಬಿಸಿಲಿಗೆ ತೆಕ್ಕೊಂಡು ಹೋಗಿ, ಬೇಗ!"

ಅಂಗೈಯಲ್ಲಿಟ್ಟುಕೊಂಡು ಹೊರಗೆ ಓಡಿದೆ. ಎರಡು ದಿನ ನನ್ನ ಹತ್ತಿರ ಬಿಸಿ ಕೇಳಿದ ಪ್ರಾಣಿ ಅದು. ಬೆರಳು ಹಿಡಿಯಲಿಲ್ಲ. ಕಣ್ಣು ತಿರುಗಿಸಲಿಲ್ಲ. ಬಿಸಿಲು ಬೇಕಾದಷ್ಟಿತ್ತು, ಮೈಯ ಕಪ್ಪು ಮಾತ್ರ ಬಿಡಲಿಲ್ಲ.

"ಬಣ್ಣ ತಿರುಗಿತಾ ಅಣ್ಣ?" ಫೋನಿನಲ್ಲಿ ಕಾನ್ರಾಡ್ ಕೇಳುತ್ತಲೇ ಇದ್ದ. ಅವನ ಹಿಂದೆ ಯಾರೋ ಅಳುವುದು ಕೇಳಿಸುತ್ತಿತ್ತು.

"ಹ್ಞಾಂ," ಎಂದೆ, "ತಿರುಗ್ತಾ ಉಂಟು."